ಐವತ್ತೈದರಲ್ಲಿ ಮತ್ತೆ ಮೊದಲ ಬೆಂಚು

ಚೂಯಿ ಕಣಿವೆಯ ವಾಯುನೆಲೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕರ್ನಲ್ ಕಚ್ಕಿನ್‌ಬಾಯ್ ಒರ್ಮೊನೊವ್ ಹೆಲಿಕಾಪ್ಟರಿನ ಸುತ್ತ ನಡೆಯುತ್ತಾ ಅದರ ಮೈಯನ್ನು ಬರಿಗೈಯಲ್ಲಿ ಸವರುತ್ತಿದ್ದಾರೆ. ಕೈಗವಸು ಜೇಬಿನಲ್ಲೇ ಇದೆ. "ಬಿರುಕಿದ್ರೆ ಬೆರಳಿಗೆ ಗೊತ್ತಾಗುತ್ತೆ, ಗವಸಿಗೆ ಏನು ಗೊತ್ತಾಗುತ್ತೆ?" ಎಂದು ನಗುತ್ತಾರೆ.

ಹೆಲಿಕಾಪ್ಟರ್ ದಳದ ಈ ಉಪಮುಖ್ಯಸ್ಥರಿಗೆ ಈಗ ಐವತ್ತೈದು. ಆರು ಸಾವಿರದ ಇನ್ನೂರು ಗಂಟೆ ಆಕಾಶದಲ್ಲೇ ಕಳೆದಿದ್ದಾರೆ. ಚಳಿಗಾಲದಲ್ಲಿ ಕಣಿವೆದಾರಿಗಳು ಮುಚ್ಚಿದಾಗ ಹೆರಿಗೆ ನೋವಿನ ಹೆಂಗಸರನ್ನು ಬೆಟ್ಟದಿಂದ ಇಳಿಸಿ ತರುವವರು ಇವರೇ. ನಾಲ್ಕು ಕೂಸುಗಳು ದಾರಿಯಲ್ಲೇ, ಮೋಡದ ಮೇಲೇ ಹುಟ್ಟಿವೆ. ಪತ್ರಿಕೆಯಲ್ಲಿ ಮಾತ್ರ ಇವರ ಫೋಟೊ ಬಂದಿಲ್ಲ.

ನಾರಿನ್ ಎಂಬ ಬೆಟ್ಟಸೀಮೆಯ ಕುರಿಗಾಹಿಯ ಮಗ. ಹದಿನೆಂಟಕ್ಕೆ ವೋಲ್ಗಾ ದಂಡೆಯ ಪೈಲಟ್ ಶಾಲೆ ಸೇರಿದಾಗ ರಷ್ಯನ್ ಬರುತ್ತಿದ್ದುದು ಅಷ್ಟಕ್ಕಷ್ಟೆ. "ಎಡಕ್ಕೆ ಅಂದ್ರೆ ಬಲಕ್ಕೆ ತಿರುಗಿಸ್ತಿದ್ದೆ. ಮೇಷ್ಟ್ರು ಬಾಯಿಗೆ ಬಂದ ಹಾಗೆ ಬೈತಿದ್ರು. ಹೊಗಳ್ತಿದಾರೆ ಅಂದ್ಕೊಂಡು ನಾನು ತಲೆಯಾಡಿಸ್ತಿದ್ದೆ!" ಮರುವರ್ಷ ಅದೇ ಹುಡುಗ ತರಗತಿಗೆ ಎರಡನೆಯವ.

ಕಳೆದ ವಸಂತದಲ್ಲಿ ಹೊಸ ಹೆಲಿಕಾಪ್ಟರುಗಳು ಬಂದವು. ಮುಳ್ಳು ತಿರುಗುವ ಮಾಪಕ ಒಂದೂ ಇಲ್ಲ. ಎಲ್ಲಾ ಪರದೆಯ ಮೇಲೆ. ಪರೀಕ್ಷೆ ಪಾಸಾಗದವರು ಕಚೇರಿಯ ಕುರ್ಚಿಗೆ. ಹಿರಿಯರಾದ ನಿಮಗೆ ಪರೀಕ್ಷೆಯೇಕೆ, ಸಹಿ ಹಾಕಿಬಿಡುತ್ತೇನೆ ಎಂದು ಮುಖ್ಯಸ್ಥರು ಹೇಳಿದರೂ ಕರ್ನಲ್ ಒಪ್ಪಲಿಲ್ಲ. ಕಲಿಸಲು ಬಂದವಳು ಇಪ್ಪತ್ತೊಂಬತ್ತರ ಕ್ಯಾಪ್ಟನ್ ಬೇಗಾಯಿಮ್. ಅವಳಿಗೆ ಹಾರಲು ಕಲಿಸಿದ್ದು, ಒಮ್ಮೆ ಫೇಲ್ ಮಾಡಿದ್ದು ಇದೇ ಕರ್ನಲ್.

ಅವಳು ತರಗತಿಯೊಳಗೆ ಬಂದಾಗ ಕರ್ನಲ್ ಮೊದಲ ಬೆಂಚಿನಿಂದ ಎದ್ದು ನಿಂತರು.

"ಅಯ್ಯೋ ಮೇಷ್ಟ್ರೇ, ಕೂತ್ಕೊಳ್ಳಿ, ನಾಚಿಕೆ ಆಗುತ್ತೆ."

"ಇಲ್ಲಿ ಮೇಷ್ಟ್ರು ನೀನಮ್ಮ. ನಾನು ಬರೀ ಒರ್ಮೊನೊವ್."

ಮೊದಲ ಪರೀಕ್ಷೆಯಲ್ಲಿ, ಎಂಜಿನ್‌ಗೆ ಬೆಂಕಿ ಬಿದ್ದಂತೆ ನಟಿಸಿದಾಗ, ಅವರ ಬೆರಳು ಹಳೆಯ ಹೆಲಿಕಾಪ್ಟರಿನಲ್ಲಿ ಗುಂಡಿ ಇರುತ್ತಿದ್ದ ಜಾಗಕ್ಕೇ ಹೋಯಿತು. ಬೇಗಾಯಿಮ್ ಫೇಲ್ ಎಂದು ಬರೆದಳು. ಕರ್ನಲ್ ಇಣುಕಿ ನೋಡಿ, "ಸರಿಯಾಗೇ ಬರ್ದಿದೀಯ. ಇನ್ನೊಂದೇ ಅವಕಾಶ ಅಲ್ವಾ?" ಎಂದರು. ಆ ಸಂಜೆ ಮನೆಗೆ ಬಂದು ಫೇಲಾದ ಸುದ್ದಿ ಹೇಳಿದರು.

ಹೆಂಡತಿ ಸಾಯಿರಾಗುಲ್ ಸುಮ್ಮನಿರುವವರಲ್ಲ. "ಮೊಮ್ಮಗಳೂ ಒಂದನೇ ಕ್ಲಾಸು, ನೀವೂ ಒಂದನೇ ಕ್ಲಾಸು. ಅವಳಾದ್ರೂ ಪಾಸಾಗಿದಾಳೆ!" ಎನ್ನುತ್ತಲೇ ಅಡುಗೆಮನೆಯ ಮೇಜಿನ ಮೇಲೆ ಗಂಡ ಸೀಮೆಸುಣ್ಣದಲ್ಲಿ ಹೆಲಿಕಾಪ್ಟರಿನ ಪರದೆಯ ಚಿತ್ರ ಬರೆಯಲು ಜಾಗ ಬಿಟ್ಟುಕೊಟ್ಟರು. ಮೂರು ವಾರ ಚಹಾ ಬಗ್ಗಿಸುತ್ತಾ ಇದ್ದಕ್ಕಿದ್ದಂತೆ "ಬೆಂಕಿ!" ಎಂದು ಕೂಗುವುದು ಆಕೆಯ ಕೆಲಸ, ಬ್ರೆಡ್ಡು ಬಿಟ್ಟು ಸರಿಯಾದ ಗುಂಡಿ ಒತ್ತುವುದು ಕರ್ನಲರದು. "ತಪ್ಪಿದ್ರೆ ಜಾಮ್ ಕೊಡ್ತಿರ್ಲಿಲ್ಲ," ಎಂದು ಆಕೆ ಈಗಲೂ ಕಣ್ಣರಳಿಸುತ್ತಾರೆ.

ಎರಡನೇ ಸಲ ನೂರಕ್ಕೆ ತೊಂಬತ್ತಾರು. ದಳದ ಹುಡುಗರೆಲ್ಲ ಸೇರಿ ಕರ್ನಲರನ್ನು ಮೇಲಕ್ಕೆ ಎಸೆದು ಹಿಡಿದರು. ಟೋಪಿ ಎಲ್ಲಿ ಬಿತ್ತೋ, ಮೂರು ದಿನ ಸಿಗಲಿಲ್ಲ.

ಜನರಲ್ ಆಗುವ ಆಸೆ ಇಲ್ಲವೇ ಎಂದರೆ ಬೇಡವೆಂಬಂತೆ ಕೈ ಬೀಸಿಬಿಡುತ್ತಾರೆ. ಮಂಜು ಹೊದ್ದ ಬೆಟ್ಟಸಾಲಿನ ಮೇಲೆ ಬಿಸಿಲು ಬೀಳುತ್ತಿದೆ.

"ಇಷ್ಟು ವರ್ಷ ನನ್ನನ್ನ ಪಾಸ್ ಮಾಡಿದವರೆಲ್ಲ ನನಗಿಂತ ದೊಡ್ಡವರು. ಈ ಸಲ ಪಾಸ್ ಮಾಡಿದ್ದು ನಾನು ಕಲಿಸಿದ ಹುಡುಗಿ. ಅದೂ ಒಂದು ಸಲ ಫೇಲ್ ಮಾಡಿ! ಚೆನ್ನಾಗೇ ಕಲಿಸಿದೀನಿ ಅಂತಾಯ್ತಲ್ಲ."