ಉದಾಹರಣೆ ಕೊಡುತ್ತಿದ್ದವಳು

ಹತ್ತನೆಯ ತರಗತಿ ಪಾಸಾದರೆ ಅಂಗನವಾಡಿಯಲ್ಲಿ ಕೆಲಸ ಸಿಗಬಹುದೆಂದು ಪಕ್ಕದ ಗುಡ್ಡೆಯ ಬೀಡಿ ಕಟ್ಟುವ ಹೆಂಗಸು ಮುಕ್ತ ಶಾಲೆಗೆ ಸೇರಿದ್ದಳು. ಪಾಠವೆಲ್ಲ ಮೊಬೈಲಿನಲ್ಲಿ. ಅವಳ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ನಮ್ಮ ಜಗಲಿಗೆ ಬಂದು ನಮ್ಮ ವೈಫೈಯಲ್ಲಿ ಕೇಳುತ್ತಿದ್ದಳು. ಫೋನನ್ನು ಕಂಬಕ್ಕೆ ಒರಗಿಸಿ, ಮಡಿಲಲ್ಲಿ ಬೀಡಿ ಎಲೆಯ ಗೆರಸೆ ಇಟ್ಟು, ಕಿವಿ ಪಾಠದಲ್ಲಿದ್ದರೂ ಬೆರಳು ಎಲೆ ಸುರುಟುತ್ತಲೇ ಇರುತ್ತಿತ್ತು.

ಸಮಾಜ ವಿಜ್ಞಾನದಲ್ಲಿ ರಾಜಕೀಯ ಸಿದ್ಧಾಂತಗಳ ಪಾಠ ಬಂತು. ಟೀಚರ್ ಏನು ಹೇಳಿದರೂ ಇವಳದ್ದು, “ಒಂದು ಉದಾಹರಣೆ ಉಂಟು ಟೀಚರ್.” ಸಮಾಜವಾದ ಎಂದಾಗ, “ಸಾವಿನ ಮನೆಗೆ ಎಲ್ಲರೂ ಗಂಜಿ ಕೊಂಡುಹೋಗ್ತೇವಲ್ಲ, ಹಾಗೆಯಾ?” ಎಂದಳು. ಒಳಗೆ ಕುಳಿತಿದ್ದ ನನಗೂ ನಗು ಬಂತು.

ಸಮಾನತೆಯ ಪಾಠದ ದಿನ ಹೇಳಿದಳು: “ನಾನು ಕೂತಿರುವ ಈ ಮನೆಯವರು ಒಳ್ಳೆಯವರು ಟೀಚರ್. ಆದರೆ ನಮ್ಮ ಜಾತಿಯವರು ಜಗಲಿ ದಾಟುವ ಹಾಗಿಲ್ಲ.” ದೂರುವ ಸ್ವರ ಇರಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಅಂದು ಸಂಜೆಯೇ ಮಗನಿಗೆ ಹೇಳಿ ಪಾಸ್‌ವರ್ಡ್ ಬದಲಾಯಿಸಿದೆ. ಮರುದಿನ ಬಂದವಳಿಗೆ, “ನೆಟ್ ಇಲ್ಲ ಮಾರಾಯ್ತಿ” ಎಂದೆ.

“ಸರಿಯಾದರೆ ಹೇಳಿ ಧಣಿ” ಎಂದು ಗೆರಸೆ ಎತ್ತಿಕೊಂಡು ಹೋದಳು.

ನಾನು ಹೇಳಲೇ ಇಲ್ಲ. ಅವಳು ಪರೀಕ್ಷೆಗೆ ಕೂರಲಿಲ್ಲ. ಅಂಗನವಾಡಿಯ ಕೆಲಸ ಬೇರೆಯವರಿಗೆ ಹೋಯಿತು.

ಬೇಸಿಗೆಯಲ್ಲಿ ಬೆಳುವಾಯಿಯ ತವರಿಗೆ ಹೊರಟವಳು ಹೇಳಿ ಹೋಗಲು ಬಂದಳು. ನಾನೇ ಬಾಗಿಲಿಗೆ ಬಂದು, “ಒಳಗೆ ಬಾ, ಕೂತುಕೋ” ಎಂದೆ.

“ಬೇಡ ಧಣಿ, ಕಾಲೆಲ್ಲ ಕೆಸರು” ಎಂದಳು.

ಅಂಗಳದ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.