ಜಗಲಿಗೆ ಯಾವ ಹೊತ್ತಿನ ಬೆಳಕು?

ಕೊರೊನಾ ಕಾಲ ಮುಗಿದು ಜನ ಮತ್ತೆ ಮನೆ ಕಟ್ಟಲು ಶುರುಮಾಡಿದ ವರ್ಷ. ನಾನಾಗ ಮಣಿಪಾಲದ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಸೀನಿಯರ್ ವಿಶುವಲೈಸರ್. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಇನ್ನೂ ಕಟ್ಟದ ಮನೆಯ ಫೋಟೊ ತೆಗೆಯುವುದು. ಪ್ಲಾನನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ನಿಲ್ಲಿಸಿ, ಗೋಡೆಗೆ ಬಣ್ಣ, ಅಂಗಳಕ್ಕೆ ಗಿಡ, ಆಕಾಶಕ್ಕೆ ಸೂರ್ಯನನ್ನು ಕೊಟ್ಟರೆ ನಿಜವಾದ ಫೋಟೊದಂಥ ಚಿತ್ರ ಬರುತ್ತದೆ. ಅದನ್ನು ರೆಂಡರ್ ಎನ್ನುತ್ತೇವೆ.

ಈ ಸೂರ್ಯ ನಾವು ಹೇಳಿದ ಹಾಗೆ ಕೇಳುವವನು. ನಮ್ಮ ಕಚೇರಿಯಲ್ಲಿ ಅವನಿಗೆ ಒಂದೇ ಡ್ಯೂಟಿ, ಸಂಜೆಯ ಹೊಂಬಿಸಿಲು. ಮನೆ ಕಾಪುವಿನಲ್ಲಿರಲಿ, ಕಾರ್ಕಳದಲ್ಲಿರಲಿ, ಬಾಗಿಲು ಯಾವ ದಿಕ್ಕಿಗಾದರೂ ಇರಲಿ, ಬಿಸಿಲು ಎದುರಿನಿಂದಲೇ ಬೀಳಬೇಕು. ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿನಲ್ಲಿ ನಮ್ಮ ಚಿತ್ರಗಳ ಮೇಲೆ ಒಂದು ಹನಿಯೂ ಬಿದ್ದದ್ದಿಲ್ಲ. ಮನೆ ಕಟ್ಟಿದವರೆಲ್ಲ ಆಮೇಲೆ ಟೆರೇಸಿನ ಮೇಲೆ ತಗಡಿನ ಶೀಟ್ ಹಾಕಿಸಿಯೇ ಹಾಕಿಸುತ್ತಾರೆ. ಅದನ್ನೂ ನಾವು ತೋರಿಸಿದವರಲ್ಲ. ಇದು ಮೋಸ ಎಂದು ನನಗೆ ಅನಿಸಿರಲಿಲ್ಲ. ಮದುವೆಯ ಫೋಟೊಗೆ ಪೌಡರ್ ಹಚ್ಚಿಕೊಳ್ಳುವುದಿಲ್ಲವೇ?

ಆಗ ಬಂದದ್ದು ಇನ್ನಂಜೆಯ ಮನೆ. ಕಟ್ಟಿಸುವವರು ಪ್ರೆಸಿಲ್ಲಾ, ಕಾರ್ಕಳದ ಕಾಲೇಜೊಂದರಲ್ಲಿ ಉಪನ್ಯಾಸಕಿ. ಜೊತೆಯಲ್ಲಿ ಅವರ ತಾಯಿ ಸೆಲೆಸ್ತಿನ್ ಬಾಯಿ. ಅಲ್ಲಿದ್ದ ಹಳೆ ಮನೆಯ ಸುತ್ತ ಬಾಯಿಯವರ ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು ಬಾಳೆ ನಾರಿನಲ್ಲಿ ಕಟ್ಟಿ, ಹೂವಿನವರ ರಿಕ್ಷಾ ಬರುವುದರೊಳಗೆ ಮುಗಿಸಬೇಕು. ಮೊದಲ ದಿನವೇ ಅವರು ಹೇಳಿದ್ದರು: "ನನಗೆ ಬೇರೆ ಎಂತ ಬೇಡ. ಹೂ ಕಟ್ಟಲಿಕ್ಕೆ ಬೆಳಕು ಬೇಕು. ಕಣ್ಣಿನ ಆಪರೇಷನ್ ಆದ ಮೇಲೆ ಟ್ಯೂಬ್‌ಲೈಟ್ ಆಗುವುದಿಲ್ಲ, ಬಿಳಿ ಹೂವಿನ ಮೇಲೆ ಕಣ್ಣು ಕುಕ್ಕುತ್ತದೆ."

ನಮ್ಮ ಸರ್ ಮಾಡಿದ ಪ್ಲಾನಿನಲ್ಲಿ ಎದುರಿಗೆ ಅಗಲವಾದ ಕಾರ್ ಪೋರ್ಚ್, ಅದರ ಹಿಂದೆ ಜಗಲಿ. ನಾನು ಅಭ್ಯಾಸದಂತೆ ಹೊಂಬಿಸಿಲು ಹಾಕಿದೆ. ಪೋರ್ಚಿನಲ್ಲಿ ಬಿಳಿ ಕಾರು, ಜಗಲಿ ತುಂಬ ಬೆಳಕು. ಚಿತ್ರ ಚೆನ್ನಾಗಿಯೇ ಬಂತು. ಕಳಿಸುವ ಮೊದಲು ಪ್ಲಾನಿನ ಉತ್ತರ ದಿಕ್ಕಿನ ಬಾಣ ಕಣ್ಣಿಗೆ ಬಿತ್ತು. ಮನೆ ಪೂರ್ವಕ್ಕೆ ಮುಖ ಮಾಡಿತ್ತು. ಸಂಜೆಯ ಸೂರ್ಯ ಇರುವುದು ಕಡಲ ಕಡೆ, ಎಂದರೆ ಅಡುಗೆಮನೆಯ ಹಿಂದೆ. ಈ ಬಿಸಿಲು ಆ ಜಗಲಿಗೆ ಯಾವ ಜನ್ಮದಲ್ಲೂ ಬೀಳುವಂಥದ್ದಲ್ಲ.

ಬೇರೆ ಮನೆಯಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಬಾಯಿಯವರು ಬೆಳಕೊಂದನ್ನೇ ಕೇಳಿದ್ದರು, ಅದಕ್ಕೇ ಮನಸ್ಸು ಒಪ್ಪಲಿಲ್ಲ. ಊರಿನ ಅಕ್ಷಾಂಶ, ಜುಲೈ ತಿಂಗಳು, ಬೆಳಗಿನ ಒಂಬತ್ತು ಗಂಟೆ, ಮೋಡದ ಆಕಾಶ, ಎಲ್ಲವನ್ನೂ ಸರಿಯಾಗಿ ಕೊಟ್ಟು ಇನ್ನೊಂದು ರೆಂಡರ್ ತೆಗೆದೆ. ಅಗಲವಾದ ಪೋರ್ಚಿನ ಹಿಂದೆ ಜಗಲಿ ಕಪ್ಪಗಿತ್ತು.

ಸರ್ ನೋಡಿ ತಲೆ ಚಚ್ಚಿಕೊಂಡರು. "ಎಂತ ವೀಣಾ ಇದು? ಮನೆಯಾ, ಗೋಡೌನಾ?" ಆದರೂ ಎರಡನ್ನೂ ತೋರಿಸಲು ಒಪ್ಪಿದರು.

ಬಾಯಿಯವರು ಮೊದಲ ಚಿತ್ರವನ್ನು ಬದಿಗಿಟ್ಟು ಎರಡನೆಯದನ್ನೇ ತುಂಬ ಹೊತ್ತು ನೋಡಿದರು. "ಇಲ್ಲಿ ಹೂ ಕಟ್ಟಲಿಕ್ಕೆ ಆಗುವುದಿಲ್ಲ" ಎಂದರು. ಪ್ರೆಸಿಲ್ಲಾ ಪ್ಲಾನ್ ಬದಲಿಸೋಣ ಎಂದಾಗ ಅವರು ಕೇಳಲಿಲ್ಲ. "ಮಗಳು ಆಸೆಪಟ್ಟು ಕಟ್ಟಿಸುವ ಮನೆ. ಇರಲಿ. ನನಗೂ ಪ್ರಾಯ ಆಯಿತು, ಗಿಡ ತೆಗೆಸಿಬಿಡುವ." ಪ್ರೆಸಿಲ್ಲಾರ ಕಣ್ಣಲ್ಲಿ ನೀರು. ಅವರು ಸಿಟ್ಟಿನಿಂದ ನೋಡಿದ್ದು ನನ್ನನ್ನು.

ನಾನು ಕಂಗಾಲಾದೆ. ಏಕೆಂದರೆ ಆ ಎರಡನೆಯ ಚಿತ್ರ ನಿಜವೇ ಎಂಬುದು ನನಗೇ ಗೊತ್ತಿರಲಿಲ್ಲ. ಮಂದ ಬೆಳಕಿಗೆ ನಮ್ಮ ಕಣ್ಣು ತಾನಾಗಿ ಹೊಂದಿಕೊಳ್ಳುತ್ತದೆ. ಸಾಫ್ಟ್‌ವೇರಿನ ಕ್ಯಾಮೆರಾಕ್ಕೆ ಎಷ್ಟು ಬೆಳಕು ಒಳಗೆ ಬಿಡಬೇಕೆಂದು ನಾವೇ ಹೇಳಬೇಕು, ಅದು ಎಕ್ಸ್‌ಪೋಷರ್. ಒಂದು ಅಂಕೆ ಏರಿಸಿದರೆ ಜಗಲಿ ಬೆಳಗುತ್ತದೆ, ಇಳಿಸಿದರೆ ಗುಹೆ. ಆಪರೇಷನ್ ಆದ ಕಣ್ಣಿಗೆ ಯಾವ ಅಂಕೆ? ಎರಡು ದಿನ ಏರಿಸಿ ಇಳಿಸಿ ನೋಡಿದೆ. ಪ್ರತಿ ಚಿತ್ರವೂ ನಿಜವೆಂದೇ ಕಂಡಿತು. ಚಂದದ ಚಿತ್ರ ಸುಳ್ಳು ಹೇಳಿದ್ದು ಸರಿ, ಪ್ರಾಮಾಣಿಕ ಚಿತ್ರ ಏನು ಹೇಳಿತು?

ಕೊನೆಗೆ ಕಂಪ್ಯೂಟರ್ ಬಿಟ್ಟೆ. ಇದೇ ಅಳತೆಯ ಪೋರ್ಚ್ ಇರುವ, ಪೂರ್ವಕ್ಕೇ ಮುಖವಿರುವ, ನಮ್ಮದೇ ಕಚೇರಿ ಮಾಡಿದ ಮನೆಯೊಂದು ಕಾಪುವಿನಲ್ಲಿತ್ತು. ಅವರ ಒಪ್ಪಿಗೆ ಪಡೆದು, ಮಳೆಗಾಲದ ನಡುವಿನ ಆಟಿ ತಿಂಗಳ ಒಂದು ಬೆಳಿಗ್ಗೆ, ಜಡಿಮಳೆಯಲ್ಲಿ, ಬಾಯಿಯವರನ್ನು ಹೂವಿನ ಬುಟ್ಟಿಯ ಸಮೇತ ಕರೆದುಕೊಂಡು ಹೋದೆ. ಪ್ರೆಸಿಲ್ಲಾ ರಜೆ ಹಾಕಿ ಬಂದಿದ್ದರು.

ಬಾಯಿಯವರು ಜಗಲಿಯಲ್ಲಿ ಕೂತರು. ಒಂದು ಮೊಗ್ಗು ಎತ್ತಿ ಕಣ್ಣಿನ ಹತ್ತಿರ ಹಿಡಿದರು, ಇಟ್ಟರು. ಇನ್ನೊಂದು ಎತ್ತಿದರು. ಆಮೇಲೆ ಎದ್ದು, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೊರಗೆ ನಡೆದರು. ಸೋತೆವು ಎಂದುಕೊಂಡೆ. ಪ್ರೆಸಿಲ್ಲಾ ಹಿಂದೆಯೇ ಹೋದವರು ಪೋರ್ಚಿನಲ್ಲಿ ನಿಂತುಬಿಟ್ಟರು. ಬಾಯಿಯವರು ಪೋರ್ಚಿನ ಅಂಚಿನಲ್ಲಿ, ಹನಿ ಸಿಡಿಯದಷ್ಟು ಒಳಗೆ, ಕಾಲು ಚಾಚಿ ಕೂತು ಕಟ್ಟಲು ಶುರುಮಾಡಿದ್ದರು.

"ಇಲ್ಲಿ ಬೆಳಕು ಉಂಟಲ್ವಾ" ಎಂದರು.

"ಅಮ್ಮಾ, ಅದು ಕಾರು ನಿಲ್ಲಿಸುವ ಜಾಗ!" ಎಂದರು ಪ್ರೆಸಿಲ್ಲಾ.

"ಕಾರು ಎಲ್ಲಿ ಉಂಟು ಈಗ?"

ಮನೆಯವರು ಕಾರು ತೆಗೆದುಕೊಂಡು ಎಂಟಕ್ಕೇ ಕೆಲಸಕ್ಕೆ ಹೋಗಿದ್ದರು. ಪ್ರೆಸಿಲ್ಲಾರೂ ದಿನಾ ಅದೇ ಹೊತ್ತಿಗೆ ಕಾರು ತೆಗೆದು ಕಾರ್ಕಳಕ್ಕೆ ಹೊರಡುವವರು. ನಾನು ಮೋಡವನ್ನು ಸರಿಯಾಗಿ ಇಟ್ಟಿದ್ದೆ, ಸೂರ್ಯನನ್ನು ಸರಿಯಾಗಿ ಇಟ್ಟಿದ್ದೆ. ಕಾರ್ಕಳದಲ್ಲಿರಬೇಕಾದ ಕಾರನ್ನು ಮಾತ್ರ ಒಂಬತ್ತು ಗಂಟೆಗೆ ಇನ್ನಂಜೆಯ ಪೋರ್ಚಿನಲ್ಲಿ ನಿಲ್ಲಿಸಿದ್ದೆ. ಎಲ್ಲ ರೆಂಡರಿನಲ್ಲೂ ನಿಲ್ಲಿಸುವ ಅದೇ ಬಿಳಿ ಕಾರು! ಬಾಯಿಯವರು ಕೂರಬೇಕಾದ ಜಾಗದಲ್ಲಿ ಅದು ಕೂತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮನೆ ಅದೇ ಪ್ಲಾನಿನಲ್ಲಿ ಎದ್ದಿತು. ಪೋರ್ಚಿನ ಅಂಚಿಗೆ ಒಂದು ಕಲ್ಲುಬೆಂಚು ಮಾತ್ರ ಹೆಚ್ಚಾಗಿ ಸೇರಿತು. ಮಲ್ಲಿಗೆ ಗಿಡಗಳು ಉಳಿದವು. ಅಂದಿನಿಂದ ಹೊಸಬರಿಗೆ ನಾನು ಹೇಳುವುದು ಒಂದೇ: ಯಾವ ಹೊತ್ತಿನ ಬೆಳಕು ಎಂದು ಕೇಳುವ ಮೊದಲು, ಆ ಹೊತ್ತಿನಲ್ಲಿ ಅಲ್ಲಿ ಯಾರಿರುತ್ತಾರೆ ಎಂದು ಕೇಳಿ.

ಆದರೆ ಚಂದದ ಬೆಳಕೋ ನಿಜದ ಬೆಳಕೋ ಎಂಬ ಗೊಂದಲ ಇವತ್ತಿಗೂ ಬಗೆಹರಿದಿಲ್ಲ. ಕೆಲಸ ಶುರುವಾಗುವ ಮೊದಲು ಮೂರನೆಯ ರೆಂಡರ್ ಒಂದನ್ನು ತೆಗೆದಿದ್ದೆ. ಕಾರಿಲ್ಲ, ಮಳೆ ಉಂಟು, ಬೆಂಚಿನ ಮೇಲೆ ಬುಟ್ಟಿ ಇಟ್ಟುಕೊಂಡ ಬಾಯಿಯವರು. ಇಷ್ಟು ನಿಜವಾದ ಚಿತ್ರವನ್ನು ನಾನು ಅದುವರೆಗೆ ಮಾಡಿರಲಿಲ್ಲ. ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ.

ಬಾಯಿಯವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಎಲ್ಲ ಸರಿ ಉಂಟು. ನನ್ನ ಮುಖವೇ ಕಾಣುವುದಿಲ್ಲ. ಸ್ವಲ್ಪ ಬಿಸಿಲು ಹಾಕು ಮಾರಾಯ್ತಿ."

ಹಾಕಿದೆ.