ಉಚ್ಚಂಗಮ್ಮಜ್ಜಿ ಬಿಚ್ಚಿದ ಗಂಟೆ

ಬಾಗೂರಿನ ಪಕ್ಕದ ನಮ್ಮ ಕುರುಬರ ಹಟ್ಟಿಯಲ್ಲಿ ಉಚ್ಚಂಗಮ್ಮಜ್ಜಿ ಹೇಳಿದ್ದೇ ಕೊನೆಯ ಮಾತು. ಕುರಿ ವಿಷಯವಾದರೂ ಸರಿ, ಮಕ್ಕಳ ವಿಷಯವಾದರೂ ಸರಿ.

ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಅವಳ ತಲೆ ಕೆಡಿಸಿದ್ದು ಮೊಮ್ಮಕ್ಕಳು. ಮುದ್ದಣ್ಣ ಕೂತಲ್ಲಿ ಕೂರುವವನಲ್ಲ. ನೀರಿಗೆ ಕಳಿಸಿದರೆ ಬಿಂದಿಗೆಯನ್ನು ದಾರಿಯಲ್ಲೇ ಬಿಟ್ಟು ಓತಿಕ್ಯಾತದ ಹಿಂದೆ ಓಡುತ್ತಿದ್ದ. ತಂಗಿ ಓಬಮ್ಮ ತದ್ವಿರುದ್ಧ. ತಿರುಗುವುದೇನಾದರೂ ಕಣ್ಣಿಗೆ ಬಿದ್ದರೆ ಮುಗಿಯಿತು, ಕಿವಿಯ ಹತ್ತಿರ ಕೂಗಿದರೂ ಇತ್ತ ನೋಡಳು. ಹಟ್ಟಿಯವರು ಇಬ್ಬರಿಗೂ ‘ಮಾತು ಕೇಳದ ಮಕ್ಕಳು’ ಎಂದು ಒಂದೇ ಹೆಸರಿಟ್ಟರು. ಹೆಸರಿಡುವುದಕ್ಕೇನು, ಪುಕ್ಕಟೆ!

ಒಂದು ದಿನ ಓಬಮ್ಮ ಬಾವಿಯ ಗಡಗಡೆ ತಿರುಗುವುದನ್ನೇ ನೋಡುತ್ತಾ ಕಟ್ಟೆಯ ಅಂಚಿಗೆ ಹೋಗಿ ನಿಂತಿದ್ದಳು. ಅವಳಪ್ಪ ಮಾರಣ್ಣ ಎತ್ತಿಕೊಂಡು ಬಂದವನೇ ಹಗ್ಗ ಹುಡುಕಿದ.

“ಇವಳ್ನ ಕಂಬಕ್ಕೆ ಕಟ್ಟಾಣ ಕಣವ್ವ. ಇಲ್ಲಾಂದ್ರೆ ಬಾವಿ ಪಾಲಾಗ್ತಾಳೆ.”

“ನನ್ನ ಮೊಮ್ಮಗಳು ದನ ಅಲ್ಲ. ಹಗ್ಗ ಕೆಳಗಿಡು,” ಎಂದಳು ಅಜ್ಜಿ.

ತಪ್ಪಿಸಿಕೊಳ್ಳುವ ಮರಿಗಳಿಗೆ ಕಟ್ಟುವ ಗಂಟೆಯನ್ನು ಅವಳು ಇಬ್ಬರ ಸೊಂಟಕ್ಕೂ ಕಟ್ಟಿದಳು. ಮುದ್ದಣ್ಣನಿಗೆ ಅದು ಹೇಳಿ ಮಾಡಿಸಿದಂತಿತ್ತು. ಸದ್ದು ಕೇಳಿದವರು “ಲೇ ಮುದ್ದ, ಬಿಂದಿಗೆ ಎಲ್ಲೋ?” ಎಂದರೆ ಸಾಕು, ವಾಪಸ್ ಓಡುತ್ತಿದ್ದ. ಓಬಮ್ಮ ಮಾತ್ರ ಕಿವಿ ಮುಚ್ಚಿಕೊಂಡು ಚೀರಿದಳು. ಹಟವೆಂದುಕೊಂಡು ಅಜ್ಜಿ ಮಾರನೆಯ ದಿನವೂ ಕಟ್ಟಿದಳು. ಮಗು ರಕ್ತ ಬರುವಂತೆ ತನ್ನ ಕೈಯನ್ನೇ ಕಚ್ಚಿಕೊಂಡಿತು. ಅಜ್ಜಿ ಅವಳ ಗಂಟೆ ಬಿಚ್ಚಿ ತಿಪ್ಪೆಗೆ ಎಸೆದಳು.

“ಅವನಿಗೆ ಎಲ್ಲಾ ಬೇಕು, ಯಾವುದ್ರಾಗೂ ನಿಲ್ಲಲ್ಲ. ಇವಳಿಗೆ ಹಿಡಿದದ್ದು ಬಿಡಾಕೆ ಬರಲ್ಲ. ಇಬ್ರಿಗೂ ಒಂದೇ ಗಂಟೆ ಕಟ್ಟಿದ್ನಲ್ಲ, ನನಗೆ ಬುದ್ಧಿ ಬ್ಯಾಡ್ವಾ?”

ಮಾರಣ್ಣ ಮತ್ತೆ ಹಗ್ಗ ತಂದ. ಅಷ್ಟರಲ್ಲಿ ಅಜ್ಜಿ ಜಗುಲಿಯಲ್ಲಿ ಉಣ್ಣೆ ನೂಲುವ ರಾಟೆ ಹಾಕಿಕೊಂಡು, ಓಬಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಬಾವಿಯ ಯೋಚನೆಯೇ ಮಗುವಿಗೆ ಇರಲಿಲ್ಲ.

“ಈಗ ಕರಿ ನೋಡಾಣ,” ಎಂದಳು.

ಮಾರಣ್ಣ ಗಂಟಲು ಹರಿಯುವಂತೆ ಕೂಗಿದ. ಓಬಮ್ಮ ರಾಟೆಯಿಂದ ಕಣ್ಣು ಕೀಳಲಿಲ್ಲ. ಅಜ್ಜಿ ರಾಟೆಯನ್ನು ಮೆಲ್ಲಗೆ ನಿಲ್ಲಿಸಿ, ಚಕ್ರದ ಮೇಲೆ ಅಂಗೈ ಇಟ್ಟು ಸುಮ್ಮನೆ ಕಾದಳು. ಓಬಮ್ಮ ತಲೆ ಎತ್ತಿದಳು. ಆ ಅಂಗೈ ಹಿಡಿದುಕೊಂಡು ಎದ್ದಳು.

“ದೂರದಿಂದ ಕೂಗಿದ್ರೆ ಆಗಲ್ಲಪ್ಪ. ಹತ್ರ ಬಂದು ಕುಂತ್ಕಬೇಕು.”

ಮಾರಣ್ಣ ಹಗ್ಗವನ್ನು ಬಿಂದಿಗೆಯ ಕುತ್ತಿಗೆಗೆ ಕಟ್ಟಿಕೊಂಡು ಬಾವಿಗೆ ಹೊರಟ. ಅಂಗಳ ದಾಟುವ ಮೊದಲೇ ತಿರುಗಿ ಬಂದು, ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚಿದ.